ಅಧ್ಯಕ್ಷರ ಕೈಗೇ ಕೊಡತಕ್ಕದ್ದು

ಒದ್ದೆ ಹೊದಿಕೆಯ ಒಂದು ತುದಿ ಹಿಡಿದು ಟಪಾಲಣ್ಣ ಬಲಕ್ಕೆ ಹಿಂಡುತ್ತಿದ್ದರು, ಇನ್ನೊಂದು ತುದಿ ಹಿಡಿದ ಅವರ ಹೆಂಡತಿ ಎಡಕ್ಕೆ. ಅಷ್ಟರಲ್ಲಿ ಬೀದಿಯ ಕೊನೆಯ ಪಾರ್ಕಿನಿಂದ ಸೀಟಿ ಕೇಳಿಸಿತು. ಟಪಾಲಣ್ಣನ ಕೈ ಸಡಿಲವಾಯಿತು. ಹೊದಿಕೆ ಗಿರ್ರನೆ ಬಿಚ್ಚಿಕೊಂಡು ಅವರ ಕೆನ್ನೆಗೇ ಪಟಾರನೆ ಬಾರಿಸಿತು.

"ಹೋಗಿ, ಕರೀತಿದಾರೆ," ಎಂದರು ಹೆಂಡತಿ.

"ಹೋಗ್ತೀನಿ. ಇವತ್ತೇ ಕೊನೆ." ಟಪಾಲಣ್ಣ ಜೇಬು ತಟ್ಟಿಕೊಂಡರು. "ಈ ಕಾಗದ ಆಯಮ್ಮನ ಕೈಗಿಟ್ಟೆ ಅಂದ್ರೆ ನಾಳೆಯಿಂದ ನಾನು, ನನ್ನ ಕುರ್ಚಿ, ನನ್ನ ಪದಬಂಧ. ದೇವರೂ ನನ್ನನ್ನ ಎಬ್ಬಿಸಂಗಿಲ್ಲ."

"ಐದು ತಿಂಗಳಿಂದ ಇದೇ ರಾಗ. ಕಾಗದಕ್ಕೂ ವಯಸ್ಸಾಯ್ತು."

ಮೂವತ್ತನಾಲ್ಕು ವರ್ಷ ಬಾಗಿಲು ಬಾಗಿಲಿಗೆ ಕಾಗದ ಹಂಚಿ ನಿವೃತ್ತರಾದವರು ಟಪಾಲಣ್ಣ. ಮಳೆಯೋ ಬಿಸಿಲೋ, ಒಂದು ಕಾಗದವೂ ಅವರ ಚೀಲದಲ್ಲಿ ರಾತ್ರಿ ಕಳೆದದ್ದಿಲ್ಲ. ತನ್ನ ಜೊತೆ ತನ್ನ ಕಾಲಿಗೂ ನಿವೃತ್ತಿಯಾಗಿದೆ ಎಂಬುದು ಅವರ ವಾದ. ಹೀಗೇ ಬಿಟ್ಟರೆ ಗಂಡ ಕುರ್ಚಿಯಲ್ಲೇ ಬೇರು ಬಿಟ್ಟು ಚಿಗುರುತ್ತಾರೆಂದು ಹೆದರಿದ ಹೆಂಡತಿ, ಹಿರಿಯರ ನಡಿಗೆ ಸಂಘಕ್ಕೆ ಅವರ ಹೆಸರನ್ನು ತಾವೇ ಬರೆಸಿ ಬಂದಿದ್ದರು.

ಸೇರುವುದು ಸುಲಭ, ಬಿಡುವುದು ಕಷ್ಟ. ಸಂಘದ ಅಧ್ಯಕ್ಷೆ ಸೀಟಿ ಟೀಚರ್ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ರಾಜೀನಾಮೆ ಕೊಡುವವರು ನಡಿಗೆಯ ಹೊತ್ತಿನಲ್ಲಿ ಹಿಂದಿನಿಂದ ನಡೆದುಬಂದು ಅಧ್ಯಕ್ಷರನ್ನು ಹಿಡಿದು ಪತ್ರವನ್ನು ಅವರ ಕೈಗೇ ಕೊಡತಕ್ಕದ್ದು ಎಂದು ಅವರು ನಿಯಮ ಮಾಡಿಟ್ಟಿದ್ದರು. "ನನ್ನನ್ನ ಹಿಡಿಯೋಕಾಗದವರಿಗೆ ಇನ್ನೂ ನಡಿಗೆ ಬೇಕು ಅಂತ ಅರ್ಥ. ಹಿಡಿದವರು ಸುಖವಾಗಿ ಮನೇಲಿರಲಿ," ಎಂಬುದು ಅವರ ನ್ಯಾಯ. ಎಪ್ಪತ್ತರ ಆ ಹೆಂಗಸು ಬಾಲಕ್ಕೆ ಬೆಂಕಿ ತಗುಲಿದ ಬೆಕ್ಕಿನ ಹಾಗೆ ನಡೆಯುತ್ತಿದ್ದರು. ಈ ದಿನ ತಪ್ಪಿದರೆ ನಾಳೆ ಸದಸ್ಯತ್ವ ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯುತ್ತಿತ್ತು.

ಟಪಾಲಣ್ಣ ಪಾರ್ಕಿಗೆ ಬಂದಾಗ ಜನ ಎಂದಿಗಿಂತ ಹೆಚ್ಚೇ ಇದ್ದರು. ಬೆಂಚಿನ ಮೇಲೆ ಕತ್ತರಿಯಜ್ಜ ಸ್ಲೇಟು ಹಿಡಿದು ಕೂತಿದ್ದರು. ಕ್ಷೌರದಂಗಡಿಯನ್ನು ಮಗನಿಗೆ ಒಪ್ಪಿಸಿ, ಊರಿನ ಸುದ್ದಿಯನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡವರು ಅವರು.

"ಏನು ಟಪಾಲಣ್ಣ, ಇವತ್ತು ಲೇಸು ಬಿಗಿಯಾಗಿ ಕಟ್ಟಿದ ಹಾಗಿದೆ?"

"ಇವತ್ತು ಬಿಡೋದಿಲ್ಲ ಕಣಯ್ಯ. ಹಿಡಿದೇ ಹಿಡೀತೀನಿ!"

ಕತ್ತರಿಯಜ್ಜ ಕಣ್ಣರಳಿಸಿ, ಸ್ಲೇಟಿನ ಮೇಲೆ ಏನೋ ಬರೆದುಕೊಂಡರು.

ಟೀಚರ್ ಸೀಟಿ ಊದಿ ಹೊರಟರು. ಹಿಂದೆಯೇ ಟಪಾಲಣ್ಣ. ಎರಡನೇ ಸುತ್ತಿನಲ್ಲೇ ಎದೆ ಕುಲುಮೆಯ ತಿದಿಯಾಯಿತು. ನಾಲ್ಕನೇ ಸುತ್ತಿನಲ್ಲಿ ಮೊಣಕಾಲು ಹಳೇ ಗೇಟಿನ ಹಾಗೆ ಕಿರುಗುಟ್ಟಿತು. "ಟೀಚರ್, ಒಂದು ಕಾಗದ!" ಎಂದು ಕೂಗಿದರೆ, "ಮಾತು ಕಡಿಮೆ, ಕೈ ಜೋರಾಗಿ ಬೀಸಿ!" ಎಂಬ ಉತ್ತರ ತಿರುವಿನಾಚೆಯಿಂದ ಬಂತು.

ಉಪಾಯ ಮಾಡೋಣವೆಂದು ಹುಲ್ಲಿನ ಮೇಲೆ ಅಡ್ಡ ಹಾಯ್ದರು. ಮಾಲಿ, "ಯಾರದು ಹುಲ್ಲು ತುಳಿಯೋದು?" ಎಂದು ತಿರುಗಿದ. ಜೊತೆಗೆ ಅವನ ಕೈಯಲ್ಲಿದ್ದ ಪೈಪೂ ತಿರುಗಿತು. ತಲೆಯಿಂದ ಕಾಲಿನವರೆಗೆ ತೊಯ್ದ ಟಪಾಲಣ್ಣ ಕಾಗದವನ್ನು ಮಾತ್ರ ಮೇಲೆತ್ತಿ ಹಿಡಿದು ಉಳಿಸಿಕೊಂಡರು. ಕಸುಬು ಬಿಟ್ಟರೂ ಅಭ್ಯಾಸ ಬಿಡದು.

ಕೈಯೆತ್ತಿ ದಾಪುಗಾಲು ಹಾಕುತ್ತಿದ್ದ ಅವರನ್ನು ನೋಡಿ ಬೆಂಚುಗಳೆಲ್ಲ ಚಪ್ಪಾಳೆ ತಟ್ಟಿದವು. ಸಂಘದಲ್ಲೇ ನಡೆಯುತ್ತಿದ್ದ ಹಲ್ಲಿನ ಡಾಕ್ಟರು ಪಕ್ಕಕ್ಕೆ ಬಂದು, "ಅಣ್ಣಾ, ನಿಮ್ಮಲ್ಲಿ ಇಷ್ಟು ಆಸೆ ಇದೆ ಅಂತ ಗೊತ್ತಿರಲಿಲ್ಲ," ಎಂದರು.

"ಆಸೆ ಅಲ್ಲ ಸ್ವಾಮಿ, ಪ್ರಾಣಸಂಕಟ!"

"ಹಾಗಾದ್ರೆ ಹೋಗಿ, ಹೋಗಿ! ನಾನು ದಾರಿ ಬಿಡಿಸ್ತೀನಿ." ಡಾಕ್ಟರು ಬೆನ್ನಿಗೆ ಕೈ ಕೊಟ್ಟು ನೂಕಿದ ರಭಸಕ್ಕೆ ಟಪಾಲಣ್ಣನ ಒಂದು ಬೂಟು ಕಳಚಿ ಹಿಂದೆಯೇ ಉಳಿಯಿತು. ಅದಕ್ಕೆ ತಿರುಗಿ ನೋಡುವ ಕಾಲವಲ್ಲ ಅದು.

ಆಗಲೇ ಅವರಿಗೆ ಒಂದು ಸತ್ಯ ಹೊಳೆಯಿತು. ಇಷ್ಟು ದಿನ ತಾನು ನಡೆದದ್ದು ಗಂಡನ ಹಾಗೆ, ಹೆಂಡತಿ ಕಳಿಸಿದಳೆಂದು. ಪೋಸ್ಟ್‌ಮ್ಯಾನ್ ಹಾಗೆ ನಡೆದದ್ದೇ ಇಲ್ಲ! ಕಾಗದ ಇದೆ, ವಿಳಾಸದಾರರು ಎದುರಿಗಿದ್ದಾರೆ. ಮತ್ತೇನು ಬೇಕು? ಕಾಲಿಗೆ ಹಳೆಯ ಲಯ ತಾನಾಗಿ ಬಂತು. ಟೀಚರ್ ಬೆನ್ನು ಹತ್ತು ಹೆಜ್ಜೆ ದೂರಕ್ಕೆ ಬಂತು, ಐದಾಯಿತು, ಎರಡಾಯಿತು. ವೇಗ ತಡೆಯಲಾಗದೆ ಟಪಾಲಣ್ಣ ಅವರನ್ನೇ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತರು.

ಟೀಚರ್ ಉದ್ದವಾಗಿ ಸೀಟಿ ಊದಿದರು. ಪಾರ್ಕಿಗೆ ಪಾರ್ಕೇ ಹೋ ಎಂದಿತು.

"ತಗೊಳ್ಳಿ ಟೀಚರ್," ಟಪಾಲಣ್ಣ ಏದುಸಿರು ಬಿಡುತ್ತಾ ಕಾಗದ ಚಾಚಿದರು. "ನನ್ನ ರಾಜೀನಾಮೆ."

ಟೀಚರ್ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನು ತಗೊಳ್ಳೋ ಹಾಗಿಲ್ಲ. ಅಧ್ಯಕ್ಷರಿಗೆ ಕೊಡಿ."

"ಅಧ್ಯಕ್ಷರು ಯಾರು?"

"ನೀವೇ!" ಎಂದು ಕತ್ತರಿಯಜ್ಜ ಸ್ಲೇಟು ತೋರಿಸಿದರು. "ಇವತ್ತು ಸಂಘದ ಚುನಾವಣೆ ಅಲ್ವಾ? ಕೊನೇ ಸೀಟಿಗೆ ಯಾರು ಮುಂದಿರ್ತಾರೋ ಅವರೇ ಒಂದು ವರ್ಷ ಅಧ್ಯಕ್ಷರು. ನೋಟಿಸ್ ಬಂದಿರಲಿಲ್ವಾ?"

"ಅದು ಸಂಘಕ್ಕೆ ಸೇರಿಸಿದ ನನ್ನ ಹೆಂಡತಿ ಹೆಸರಿಗೆ ಬಂದಿತ್ತು," ಎಂದರು ಟಪಾಲಣ್ಣ, ನೆಲಕ್ಕೆ ಕುಸಿಯುತ್ತಾ. "ಇನ್ನೊಬ್ಬರ ಕಾಗದ ನಾನು ಒಡೆಯೋದಿಲ್ಲ."

ಟೀಚರ್ ಸೀಟಿಯನ್ನು ಅವರ ಕೊರಳಿಗೆ ಹಾಕಿ, ಕಣ್ಣೊರೆಸಿಕೊಂಡರು. "ಆರು ವರ್ಷ ಆಯ್ತಪ್ಪ. ಸೋಲೋಣ ಅಂದ್ರೆ ಸೋಲಿಸೋರೇ ಇಲ್ಲ. ಬೇಕಂತ ಸೋಲೋಕೆ ನನ್ನ ಕಾಲು ಒಪ್ಪಲ್ಲ. ನಾಳೆಯಿಂದ ನಾನು ಎಂಟು ಗಂಟೆವರೆಗೆ ಮಲಗ್ತೀನಿ." ಹೇಳಿ, ಜೀವನದಲ್ಲಿ ಮೊದಲ ಸಲವೇನೋ ಎಂಬಂತೆ ನಿಧಾನವಾಗಿ ನಡೆದು ಹೋದರು.

"ಸರಿ, ಅಧ್ಯಕ್ಷ ನಾನೇ ತಾನೆ? ನನ್ನ ರಾಜೀನಾಮೆ ನಾನೇ ತಗೋತೀನಿ."

"ಅದು ಹೇಗೆ?" ಕತ್ತರಿಯಜ್ಜ ಗದ್ದ ಕೆರೆದರು. "ಹಿಂದಿನಿಂದ ಬಂದು ಹಿಡೀಬೇಕು ಅಂತ ನಿಯಮ. ನಿಮ್ಮನ್ನ ನೀವೇ ಹಿಂದಿನಿಂದ ಬಂದು ಹಿಡೀರಿ, ನೋಡೋಣ."

ಟಪಾಲಣ್ಣ ಒಂದು ಕ್ಷಣ ಹಿಂದಕ್ಕೆ ತಿರುಗಿಯೂ ನೋಡಿದರು, ಪಾಪ. ಆಮೇಲೆ ಸೀಟಿ ಊದಿ ತಮ್ಮ ಮೊದಲ ಆಜ್ಞೆ ಹೊರಡಿಸಿದರು. ಇನ್ನು ಮುಂದೆ ರಾಜೀನಾಮೆಯನ್ನು ಅಂಚೆಯಲ್ಲಿ ಕಳಿಸಬಹುದು. ಅಧ್ಯಕ್ಷರು ಮನೆಯಲ್ಲಿದ್ದು ಪೋಸ್ಟ್‌ಮ್ಯಾನ್ ಕೈಯಿಂದ ಖುದ್ದಾಗಿ ತೆಗೆದುಕೊಂಡರೆ ಸಾಕು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗದ್ದಲ ಕೇಳಿ ಪಾರ್ಕಿಗೆ ಬಂದು ಬೂಟು ಹುಡುಕಿ ತಂದುಕೊಟ್ಟ ಹೆಂಡತಿಯ ಜೊತೆ, ಒಂದು ಕಾಲು ಎಳೆಯುತ್ತಾ, ಅವರು ಮೂಲೆಯ ಅಂಚೆಪೆಟ್ಟಿಗೆಯ ಮುಂದೆ ನಿಂತರು. ಲಕೋಟೆಯ ಮೇಲೆ ಅಧ್ಯಕ್ಷರು ಎಂದು ಬರೆದು, ಕೆಳಗೆ ತಮ್ಮದೇ ಮನೆಯ ನಂಬರು ಹಾಕಿ, ಸ್ಟಾಂಪು ಅಂಟಿಸಿದರು.

"ನಮ್ಮ ಬೀದಿಗೆ ಪೋಸ್ಟ್ ಬರೋದು ಎಷ್ಟೊತ್ತಿಗೆ?" ಹೆಂಡತಿ ಕೇಳಿದರು.

"ಬೆಳಿಗ್ಗೆ ಏಳಕ್ಕೆ. ಆ ಹೊತ್ತು ಗೊತ್ತು ಮಾಡಿದವನೇ ನಾನು."

"ನಡಿಗೆ ಎಷ್ಟೊತ್ತಿಗೆ?"

ಟಪಾಲಣ್ಣ ಕೊರಳಿನ ಸೀಟಿಯನ್ನು ಮುಟ್ಟಿ ನೋಡಿಕೊಂಡರು.

"ಏಳಕ್ಕೇ ಕಣೇ," ಎಂದರು. "ಸೀಟಿ ಊದಬೇಕಾದ ಅಧ್ಯಕ್ಷರು ಮನೇಲಿ ಸಿಗೋದಿಲ್ಲ."

ಆದರೂ ಬರೆದ ಕಾಗದವನ್ನು ಇಟ್ಟುಕೊಂಡು ಗೊತ್ತಿರದ ಕೈ ಅದು. ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಬಿಟ್ಟೇಬಿಟ್ಟಿತು.