ಹೊಲದಿಂದ ನೇರ ವರದಿ

ಬೆಳಿಗ್ಗೆ ಎಂಟಕ್ಕೆ ಉದ್ದ ಒಳಚಡ್ಡಿಯಲ್ಲೇ ಚಹಾಕ್ಕೆ ನೀರಿಡಲು ಅಡುಗೆಮನೆಗೆ ಬಂದದ್ದೇ ರೇಡಿಯೋ ವರದಿಗಾರ ಫೋಮಿಚ್ ಮಾಡಿದ ತಪ್ಪು. ಐದು ಸಂಸಾರಗಳಿಗೂ ಅದೊಂದೇ ಅಡುಗೆಮನೆ. ಗೋಡೆಯ ರೇಡಿಯೋ ಆಗಲೇ ಅವನದೇ ದನಿಯಲ್ಲಿ ಮಾತಾಡುತ್ತಿತ್ತು.

"ನಾನೀಗ ಬೆರ್ಯೋಜ್ಕಿ ಹಳ್ಳಿಯ ಆಲೂಗಡ್ಡೆ ಹೊಲದ ನಟ್ಟನಡುವೆ ನಿಂತಿದ್ದೇನೆ, ಸಂಗಾತಿಗಳೇ! ಆಹಾ, ಏನು ಬಿಸಿಲು!"

ಕಿಟಕಿಯಾಚೆ ಮಳೆ ಧೋ ಎಂದು ಸುರಿಯುತ್ತಿತ್ತು. ಪಕ್ಕದ ಕೋಣೆಯ ಜಿನೈದಾ ಕಾರ್ಪೊವ್ನಾ ಸೌಟು ಹಿಡಿದುಕೊಂಡೇ ಒಮ್ಮೆ ರೇಡಿಯೋ ನೋಡಿದಳು, ಒಮ್ಮೆ ಫೋಮಿಚನ ಮೊಣಕಾಲು ನೋಡಿದಳು.

"ಹೊಲದಲ್ಲೂ ಇದೇ ವೇಷಾನಾ, ವಲೇರಿಯನ್ ಫೋಮಿಚ್?"

ಆ ಊರಿನ ರೇಡಿಯೋದಲ್ಲಿ ನೇರ ವರದಿ ಎಂದರೆ ಹಿಂದಿನ ದಿನವೇ ಸ್ಟುಡಿಯೋದಲ್ಲಿ ಕೂತು ಟೇಪಿಗೆ ತುಂಬಿಟ್ಟದ್ದು. ಎಲ್ಲರೂ ಹಾಗೇ ಮಾಡುತ್ತಿದ್ದರು, ಸಿಕ್ಕಿಬೀಳಬಾರದು, ಅಷ್ಟೇ. ಆದರೆ ಫೋಮಿಚ್ ಹನ್ನೊಂದು ವರ್ಷ ಕಾದು ಈಗ ವಸತಿ ಸಮಿತಿಯ ಹೊಸ ಮನೆಯ ಪಟ್ಟಿಯಲ್ಲಿ ಮೊದಲಿಗನಾಗಿದ್ದ. ಸ್ವಂತ ಅಡುಗೆಮನೆ! ಸುದ್ದಿ ಹೊರಬಿದ್ದರೆ ಹೆಸರು ಪಟ್ಟಿಯಿಂದ ಹೊರಗೆ.

"ನೋಡಿ, ರೇಡಿಯೋ ಹೇಳಿದ ಮೇಲೆ ಮುಗೀತು," ಎಂದ ಗಂಭೀರವಾಗಿ. "ನಾನು ಹೊಲದಲ್ಲಿದ್ದೀನಿ."

"ಸರಿಯಪ್ಪ. ಹೊಲದಲ್ಲಿರೋರಿಗೆ ಇಲ್ಲಿ ಒಲೆ ಯಾಕೆ?" ಎಂದು ಅವಳು ಅವನ ಕೆಟಲ್ ಇಳಿಸಿ ತನ್ನ ಸೂಪಿನ ಪಾತ್ರೆ ಇಟ್ಟಳು.

ಫೋಮಿಚ್ ಕೋಣೆ ಸೇರಿ ಚಿಲಕ ಹಾಕಿಕೊಂಡ. ಒಂಬತ್ತಕ್ಕೆ ಜಿನೈದಾ ಬಾಗಿಲು ದಡದಡ ಬಡಿದಳು.

"ನೀವು ಒಳಗಿಲ್ಲ ಅಂತ ಗೊತ್ತು! ಆದ್ರೂ ಹೇಳ್ತೀನಿ. ನಿಮ್ಮ ವರದಿ ಕೇಳಿ ಪಕ್ಷದ ಜಿಲ್ಲಾ ಕಾರ್ಯದರ್ಶಿಗಳಿಗೆ ಖುಷಿಯಾಗಿದೆಯಂತೆ. ಮಧ್ಯಾಹ್ನ ಹೊಲಕ್ಕೇ ಬಂದು ಹೊಸ ಮನೆ ಕೀಲಿಕೈ ಕೊಡ್ತಾರಂತೆ. ಈಗ್ತಾನೇ ರೇಡಿಯೋದಲ್ಲಿ ಬಂತು!"

ಫೋಮಿಚ್ ಪ್ಯಾಂಟು ಏರಿಸಿ, ಬೂಟಿಗೆ ಕಾಲು ತೂರಿಸಿ ಓಡಿದ. ಹಾಲಿನ ಲಾರಿಯೊಂದು ಸಿಕ್ಕಿತು. ಆದರೆ ಅವನದು ಜಿಲ್ಲೆಗೆಲ್ಲ ಪರಿಚಯದ ದನಿ, ಬಾಯಿ ಬಿಟ್ಟರೆ ಕೆಟ್ಟ. ಕೈಸನ್ನೆಯಲ್ಲೇ ದಾರಿ ತೋರಿಸಿದ. ಪಾಪ, ಮೂಗನಿರಬೇಕೆಂದು ಮರುಗಿದ ಚಾಲಕ ಐದು ಕಿಲೋಮೀಟರ್ ಮೊದಲೇ, ಯಾವುದೋ ತಿರುವಿನಲ್ಲಿ ಇಳಿಸಿ ಹೊರಟೇಹೋದ. ತಡೆದು ಹೇಳುವಂತಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಎರಡು ಸಲ ಜಾರಿಬಿದ್ದು, ಒಂದು ಬೂಟು ಕಳೆದುಕೊಂಡು, ಹನ್ನೆರಡಕ್ಕೆ ಸರಿಯಾಗಿ ಹೊಲ ಮುಟ್ಟಿದ.

ಅಲ್ಲಿ ನರಪಿಳ್ಳೆಯಿಲ್ಲ. ಹೊಲದ ಕೆಲಸಗಾರರ ಮೇಸ್ತ್ರಿ ಗ್ಲಾಫಿರಾ ಒಬ್ಬಳೇ ಗಾಡಿಯ ಟಾರ್ಪಾಲಿನ ಕೆಳಗೆ ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತಿದ್ದಳು.

"ಕಾರ್ಯದರ್ಶಿಗಳು ಎಲ್ಲಿ?"

"ಈ ಮಳೇಲಿ ನಾಯಿ ಕೂಡ ಬರಲ್ಲ ಕಣಣ್ಣ. ಇರು, ವಾರ್ತೆ ಬಂತು."

ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಫೋಮಿಚನ ಸಹೋದ್ಯೋಗಿಯ ದನಿ ಮೊಳಗಿತು. "ಇದೀಗ, ಈ ಕ್ಷಣದಲ್ಲಿ, ಹೊಳೆಯುವ ಬಿಸಿಲಿನಲ್ಲಿ ಕಾರ್ಯದರ್ಶಿಗಳು ನಮ್ಮ ವರದಿಗಾರರ ಕೈಗೆ ಕೀಲಿಕೈ ಇಡುತ್ತಿದ್ದಾರೆ! ವರದಿಗಾರರ ಕಣ್ಣಲ್ಲಿ ನೀರು!"

ಅದರಲ್ಲಿ ಕಣ್ಣೀರೊಂದೇ ನಿಜವಾಗಿತ್ತು.

ಸಂಜೆ ಅವನು ಒಂದೇ ಬೂಟಿನಲ್ಲಿ ಕುಂಟುತ್ತ ಮನೆಗೆ ಬಂದಾಗ ಅವನ ಮಂಚ ಕೋಣೆಯಾಚೆ ಕಾರಿಡಾರಿನಲ್ಲಿತ್ತು. ಅವನ ಕೋಣೆಯೊಳಗೆ ಜಿನೈದಾಳ ಹುಳಿ ಎಲೆಕೋಸಿನ ಪೀಪಾಯಿಯೂ, ಅದರ ಪಕ್ಕ ಅವಳ ಅಳಿಯನೂ ಕೂತಿದ್ದರು.

"ಶುಭಾಶಯ, ವಲೇರಿಯನ್ ಫೋಮಿಚ್! ವಸತಿ ಸಮಿತಿಯಿಂದ ಫೋನ್ ಬಂದಿತ್ತು. ಮನೆ ಸಿಕ್ಕಿತಲ್ಲ, ಪಟ್ಟಿಯಿಂದ ನಿಮ್ಮ ಹೆಸರು ತೆಗೆದ್ರಂತೆ," ಎಂದು ಬಾಗಿಲಿಗೆ ಬಂದ ಜಿನೈದಾ ಹೇಳಿದಳು.

"ಯಾರ್ರೀ ಕೊಟ್ಟಿದ್ದು?" ಎಂದು ಫೋಮಿಚ್ ಕಿರುಚಿದ. "ಅಲ್ಲಿ ಯಾರೂ ಬಂದೇ ಇಲ್ಲ! ಕೀಲಿಕೈ ನಾನು ಕಣ್ಣಲ್ಲೂ ನೋಡಿಲ್ಲ!"

"ರೇಡಿಯೋ ಹೇಳಿದ ಮೇಲೆ ಮುಗೀತು ಅಂತ ಬೆಳಿಗ್ಗೆ ನೀವೇ ಅಂದ್ರಲ್ಲ," ಎಂದಳು ಜಿನೈದಾ, ಅಳಿಯನ ಹಾಸಿಗೆಯ ಸುರುಳಿ ಎತ್ತಿಕೊಳ್ಳುತ್ತ. "ನೀವೀಗ ಹೊಸ ಮನೇಲಿದ್ದೀರಿ. ಸ್ವಲ್ಪ ದಾರಿ ಬಿಡಿ."