ನಮ್ಮ ಲೈಟ್ ಆಫ್ ಭಾವ

ನಮ್ಮ ಭಾವ ಬರುತ್ತಾರೆಂದು ಫೋನ್ ಬಂದರೆ ನಾನು ಮೊದಲು ಹುಡುಕುವುದು ಟಾರ್ಚನ್ನು. ಅವರು ಕಾಲಿಟ್ಟ ಮನೆಯಲ್ಲಿ ಬೆಳಕು ಉಳಿಯುವುದಿಲ್ಲ. ಅಪಶಕುನವೇನೂ ಅಲ್ಲ, ಸ್ವಿಚ್ ಕಂಡರೆ ಅವರ ಬೆರಳು ತಡೆಯುವುದಿಲ್ಲ, ಅಷ್ಟೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಪ್ರೆಶರ್. ನನ್ನ ಅಕ್ಕನ ಗಂಡನಿಗೆ ಲೈಟ್ ಆಫ್ ಮಾಡುವ ಕಾಯಿಲೆ.

ಕಾಣಿಯೂರಿನ ಹತ್ತಿರದ ಗುಡ್ಡದ ಮನೆಯಿಂದ ಪುತ್ತೂರಿನ ನನ್ನ ಫ್ಲ್ಯಾಟಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಪ್ಯಾಸೇಜಿನ ಬಲ್ಬ್ ಆರಿಸುತ್ತಾರೆ. ಒಮ್ಮೆ ಫ್ರಿಜ್ಜನ್ನೇ ಆಫ್ ಮಾಡಿ ಹೋಗಿದ್ದರು. ಮರುದಿನ ಒಡೆದ ಹಾಲನ್ನು ಮುಂದಿಟ್ಟುಕೊಂಡು ಫೋನ್ ಮಾಡಿದೆ. "ಅದು ಒಂದೇ ಸಮ ಗುಂಯ್ ಅಂತ ಇತ್ತು. ಅದಕ್ಕೂ ಸ್ವಲ್ಪ ರೆಸ್ಟ್ ಬೇಡ್ವಾ ಮಾರಾಯ್ತಿ?" ಎಂದರು. ಎಂಥ ಕೈಂಡ್ ಹಾರ್ಟ್, ನೋಡಿ!

ಸುಳ್ಯದಲ್ಲಿ ನೆಂಟರ ಮದುವೆ. ಫೊಟೋಗ್ರಾಫರ್ ಮದುಮಗಳ ಗಲ್ಲವನ್ನು ಯಾವ ಕಡೆ ತಿರುಗಿಸಬೇಕೆಂದು ಯೋಚಿಸುತ್ತಿದ್ದಾಗ ಮಂಟಪದ ಲೈಟುಗಳೆಲ್ಲ ಒಮ್ಮೆಗೇ ನಂದಿದವು.

"ಕರೆಂಟ್ ಹೋಯ್ತಾ?" ಎಂದ ಅವನು.

"ಹೋಗ್ಲಿಲ್ಲ, ನಾನೇ ಕಳಿಸಿದ್ದು," ಎಂದರು ಭಾವ, ಸ್ವಿಚ್‌ಬೋರ್ಡಿನ ಪಕ್ಕದಿಂದ. "ಹಗಲು ಹನ್ನೊಂದು ಗಂಟೆಗೆ ನಿಮಗೆ ಹುಡುಗಿ ಕಾಣುದಿಲ್ವಾ?"

ಅಕ್ಕ ಅವರ ಪರಿಚಯವೇ ಇಲ್ಲದವಳಂತೆ ಸೀರೆ ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ಕುಳಿತಳು.

ಜಿಪುಣರೆಂದುಕೊಳ್ಳಬೇಡಿ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವುದು ಅವರ ಪ್ರಕಾರ ಸಿನ್, ಪಾಪ. ಬಿಸಿಲು ಉಂಟು, ಗಾಳಿ ಉಂಟು, ಮತ್ತೆ ಹೊಗೆ ಎಂತಕ್ಕೆ? ಈ ಲೆಕ್ಚರನ್ನು ಅವರು ಸತ್ತವರ ಬೊಜ್ಜದ ಊಟದ ಪಂಕ್ತಿಯಲ್ಲೂ ಕೊಟ್ಟಿದ್ದಾರೆ. ಗುಡ್ಡದ ಮೇಲೆ ಎರಡು ಬೇಸಿಗೆ ಕಷ್ಟಪಟ್ಟು, ಕೆಂಪುಕಲ್ಲು ಹೊತ್ತು, ತಾವೇ ಒಂದು ಸೋಲಾರ್ ಡ್ರೈಯರ್ ಶೆಡ್ ಕಟ್ಟಿದರು. ಹಲಸಿನ ಹಪ್ಪಳದಿಂದ ಹಿಡಿದು ನನ್ನ ಒದ್ದೆ ಕೊಡೆಯವರೆಗೆ ಎಲ್ಲವೂ ಅದರಲ್ಲಿ ಒಣಗಿದೆ.

ಇಂಥವರಿಗೆ ಸಿಕ್ಕಿದ ನನ್ನ ಅಕ್ಕನಿಗೋ, ಚಿಕ್ಕಂದಿನಿಂದ ಕತ್ತಲೆಯೆಂದರೆ ಭಯ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಲೈಟ್ಸ್ ಔಟ್ ಬೆಲ್ ಆದ ಕೂಡಲೇ ಪಕ್ಕದ ಮಂಚದಿಂದ ಅವಳ ಕೈ ನನ್ನ ಕೈಯನ್ನು ಹುಡುಕಿಕೊಂಡು ಬರುತ್ತಿತ್ತು. ಜಾತಕ ನೋಡಿದ ಜೋಯಿಸರು ನವಗ್ರಹಗಳನ್ನು ನೋಡಿದರು, ಸ್ವಿಚ್‌ಬೋರ್ಡನ್ನು ನೋಡಲಿಲ್ಲ. ಮದುವೆಯಾದ ದಿನದಿಂದ ಅವರಿಬ್ಬರ ಜಗಳವೆಲ್ಲ ಜಗಲಿಯ ಒಂದು ಬಲ್ಬಿನದು. ಅವಳು ಹಾಕುವುದು, ಇವರು ಆರಿಸುವುದು.

"ನಾನು ಸತ್ತ ಮೇಲಾದ್ರೂ ಒಂದು ಲೈಟ್ ಹಾಕಿಡಿ," ಎಂದಳು ಒಮ್ಮೆ ನನ್ನ ಎದುರೇ.

"ಸತ್ತವರಿಗೆ ಲೈಟ್ ಎಂತಕ್ಕೆ? ಪೇಪರ್ ಓದ್ಲಿಕ್ಕುಂಟಾ?"

ಮೂವರೂ ನಕ್ಕೆವು. ಅಕ್ಕ ತೀರಿಕೊಂಡು ಈಗ ಮೂರು ವರ್ಷ. ನಮ್ಮಲ್ಲಿ ಸ್ವಂತ ಜಾಗದಲ್ಲೇ ಸುಟ್ಟು, ಸುಟ್ಟಲ್ಲಿ ಮಣ್ಣಿನ ದೂಪೆ ಕಟ್ಟುವುದು ಕ್ರಮ. ಗುಡ್ಡದ ಮೇಲೆ, ಗೇರುಮರಗಳ ಮಧ್ಯೆ ಅವಳ ದೂಪೆ ಇದೆ. ಭಾವ ದಿನಾ ಸಂಜೆ ಅಲ್ಲಿ ಹಣತೆ ಹಚ್ಚುತ್ತಿದ್ದರು. ಗುಡ್ಡದ ಗಾಳಿ ಐದು ನಿಮಿಷದಲ್ಲಿ ಅದನ್ನು ಆರಿಸುತ್ತಿತ್ತು. ಅಲ್ಲಿಯೂ ಒಬ್ಬ ಲೈಟ್ ಆಫ್ ಮಾಡುವವನು!

ಹೀಗಿರುವಾಗ ಆ ಲೈನ್ ಬಂತು. ಬಯಲುಸೀಮೆಯ ಬಿಸಿಲಿನ, ಗಾಳಿಯ ಕರೆಂಟನ್ನು ಘಟ್ಟ ಇಳಿಸಿ ತರುವ ದೊಡ್ಡ ಟವರುಗಳ ಲೈನ್. ನೆರೆಯವರು ಭಾವನನ್ನು ಚುಚ್ಚದೆ ಬಿಡುತ್ತಾರೆಯೇ?

"ಗಾಳಿಯ ಕರೆಂಟ್ ಬೇಕು ಅಂತ ನೀವೇ ಅಲ್ವಾ ಮಾರಾಯ್ರೆ ಹೇಳ್ತಿದ್ದದ್ದು? ಬಂತು ನೋಡಿ, ನಿಮ್ಮ ಗುಡ್ಡಕ್ಕೇ."

"ಬರ್ಲಿ. ಮತ್ತೆ ಅದು ಬಸ್ಸಲ್ಲಿ ಬರುದಾ? ತಂತಿ ಬೇಕಲ್ಲ," ಎಂದಿದ್ದರು ಭಾವ.

ಒಂದು ವಾರದ ನಂತರ ನನಗೆ ಫೋನ್ ಮಾಡಿದರು. "ಸರ್ವೆಯವರು ಕಲ್ಲು ಹಾಕಿದ್ದಾರೆ. ಟವರಿನ ಒಂದು ಕಾಲು ಅಕ್ಕನ ಮೇಲೆ ಬರ್ತದೆ," ಎಂದಷ್ಟೇ ಹೇಳಿ ಫೋನ್ ಇಟ್ಟರು. ಲೆಕ್ಚರ್ ಇಲ್ಲದ ಅವರ ಫೋನ್ ಅದೇ ಮೊದಲು.

ಬೆಳಗಿನ ಬಸ್ ಹಿಡಿದು ಹೋದೆ. ಗುಡ್ಡದ ಮೇಲೆ ಗದಗದ ಕಡೆಯ ಒಬ್ಬ ಇಂಜಿನಿಯರ್, ನೀರಿನ ಬಾಟಲಿಯನ್ನು ದೂಪೆಯ ಮೇಲಿಟ್ಟು ನಕ್ಷೆ ಬಿಡಿಸುತ್ತಿದ್ದ.

"ಅಜ್ಜಾರ, ಈ ಮಣ್ಣಿನ ಕಟ್ಟಿ ಏನ್ರಿ?"

"ಅದು ನನ್ನ ಹೆಂಡತಿ," ಎಂದರು ಭಾವ.

ಆತ ಬಾಟಲಿ ತೆಗೆದ. ಆಮೇಲೆ ಬಗ್ಗಿ ಶೂಸನ್ನೂ ಬಿಚ್ಚಿದ.

"ಲೈನ್ ಬೇಡ ಅಂತ ಹೇಳುವ ಬಾಯಿ ನನಗಿಲ್ಲ," ಎಂದರು ಭಾವ ಮೆಲ್ಲಗೆ. "ಇವಳನ್ನು ಮಾತ್ರ ಎಬ್ಬಿಸ್ಬೇಡಿ. ಎದ್ರೆ ಲೈಟ್ ಹಾಕಿ ಅಂತ ಹೇಳ್ತಾಳೆ."

ಆತ ನಕ್ಷೆ ನೋಡಿದ, ಯಾರಿಗೋ ಫೋನ್ ಮಾಡಿದ, ಬರಿಗಾಲಲ್ಲೇ ಅತ್ತಿತ್ತ ಅಳೆದ. "ಲೈನ್ ಸರಿಸಾಕ ಬರಂಗಿಲ್ರಿ. ಟವರ್ ಅದೇ ಲೈನಿನ್ಯಾಗ ಮುಂದ ಹೋಗಬೌದು. ಆದ್ರ ಆ ನಿಮ್ಮ ಶೆಡ್ ಹೋಗ್ತೈತಿ."

ಭಾವ ಡ್ರೈಯರನ್ನು ನೋಡಿದರು, ದೂಪೆಯನ್ನು ನೋಡಿದರು. "ಹಪ್ಪಳ ಪುತ್ತೂರಿನ ಅಂಗಡಿಯಲ್ಲಿ ಸಿಗ್ತದೆ," ಎಂದರು.

ಶೆಡ್ ಹೋಯಿತು, ಲೈನಿನ ಕೆಳಗಿನ ಗೇರುಮರಗಳೂ ಹೋದವು. ಮೊನ್ನೆ ತಂತಿಗೆ ಕರೆಂಟ್ ಬಿಟ್ಟರು. "ಬಾ, ಒಂದು ವಿಷಯ ಉಂಟು," ಎಂದು ಭಾವ ಕರೆದರು. ಸಂಜೆ ಬೆಳಕು ಕರಗುವ ಹೊತ್ತಿಗೆ ಇಬ್ಬರೂ ಗುಡ್ಡ ಹತ್ತಿದೆವು. ಅವರ ಕೈಯಲ್ಲೊಂದು ಹಳೆಯ ಟ್ಯೂಬ್‌ಲೈಟ್.

"ವಯರ್ ಇಲ್ಲ, ಎಂತ ಇಲ್ಲ. ಇದು ಎಂತಕ್ಕೆ ಭಾವ?"

ಅವರು ದೂಪೆಯ ಪಕ್ಕದ ಮಣ್ಣಿನಲ್ಲಿ ಅದನ್ನು ನೆಟ್ಟಗೆ ಊರಿದರು. ಮೇಲೆ ತಂತಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಟ್ಯೂಬ್ ತನ್ನಷ್ಟಕ್ಕೇ ಹೊತ್ತಿತು! ಬೆಳದಿಂಗಳಿನಷ್ಟು ಮಂದ, ಆದರೆ ಅಲುಗಾಡದ ಬೆಳಕು.

"ದೊಡ್ಡ ಲೈನಿನ ಕೆಳಗೆ ಹೀಗಾಗ್ತದಂತೆ. ಆ ಗದಗದವನೇ ಹೇಳಿ ಹೋದದ್ದು. ಅವನ ಊರಿನ ಗಾಳಿಯೇ ಇದು," ಎಂದರು. ಕಿವಿ ಮೇಲೆ ಮಾಡಿ ಸ್ವಲ್ಪ ಹೊತ್ತು ಆಲಿಸಿದರು. "ಇದೂ ನಿನ್ನ ಫ್ರಿಜ್ಜಿನ ಹಾಗೇ ಉಂಟು. ಗುಂಯ್ ಅನ್ಲಿ ಬಿಡು."

ಹೊರಡುವಾಗ ಅಭ್ಯಾಸಬಲದಿಂದ ಅವರ ಕೈ ಟ್ಯೂಬಿನ ಪಕ್ಕದಲ್ಲಿ ಏನನ್ನೋ ತಡಕಿ, ಹಾಗೇ ನಿಂತಿತು.

"ಇದಕ್ಕೆ ಸ್ವಿಚ್ ಇಲ್ಲ ಮಾರಾಯ್ತಿ. ಕಡೆಗೂ ಗೆದ್ದದ್ದು ಅವಳೇ."

ಕೆಳಗೆ ಮನೆ ಎಂದಿನಂತೆ ಕತ್ತಲಲ್ಲಿತ್ತು, ಬರುವಾಗಲೇ ಎಲ್ಲ ಆರಿಸಿ ಬಂದಿದ್ದರಲ್ಲ. ನಾನು ಟಾರ್ಚ್ ಹೊರತೆಗೆಯಲಿಲ್ಲ. ಬೋರ್ಡಿಂಗಿನಲ್ಲಿ ಅಕ್ಕ ಚಾಚುತ್ತಿದ್ದಂತೆ ಕೈ ಚಾಚಿದೆ; ಭಾವ ಹಿಡಿದುಕೊಂಡರು. ಅಕ್ಕನ ಲೈಟನ್ನು ಹಾಗೇ ಬಿಟ್ಟು ಗುಡ್ಡ ಇಳಿದೆವು.