ಸಂಘದ ಮೊದಲ ಪುಟ

ನೋಂದಣಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪತ್ರ ಬರೆಯುತ್ತಿರುವವನು ನಾನು. ಮನೆ ಮಾರುವವರು, ಕೊಳ್ಳುವವರು, ಭಾಗವಾಗುವ ಅಣ್ಣತಮ್ಮಂದಿರು, ಎಲ್ಲರೂ ನನ್ನ ಕೈಬರಹದ ಮುಂದೆ ಕೈಕಟ್ಟಿ ನಿಂತಿದ್ದಾರೆ. ನಿಲ್ಲದವಳು ಒಬ್ಬಳೇ, ನನ್ನ ಹೆಂಡತಿ.

ಅವಳು ನಮ್ಮ ಬೀದಿಯ ಮಹಿಳೆಯರ ಸೇವಾ ಮತ್ತು ಸ್ನೇಹ ಸಂಘದ ಕಾರ್ಯದರ್ಶಿ. ಸಂಘಕ್ಕೆ ಇಪ್ಪತ್ತು ವರ್ಷ ತುಂಬಿದ ಸಮಾರಂಭದಲ್ಲಿ ಅದರ ಇತಿಹಾಸ, ಉದ್ದೇಶಗಳ ಬಗ್ಗೆ ಅವಳು ಮಾತಾಡಬೇಕಿತ್ತು. ಬಿಸ್ಕತ್ತಿನ ಡಬ್ಬದ ತುಂಬ ಹಳೆಯ ನಡವಳಿ ಪುಸ್ತಕಗಳನ್ನು ತಂದು ನನ್ನೆದುರು ಕುಕ್ಕಿದಳು.

"ಎರಡು ಪುಟ ಬರ್ಕೊಡಿ. ಮೊದ್ಲು ಇದನ್ನ ಓದಿ, ಆಮೇಲೆ ಬರೀರಿ."

ಓದಿ ಬರೆಯಲು ನಾನೇನು ಶಾಲೆಯ ಹುಡುಗನೇ? ಡಬ್ಬದ ಮುಚ್ಚಳವನ್ನೂ ತೆಗೆಯದೆ ಎಂಟು ಪುಟ ಎಳೆದೆ. ‘ಸ್ತ್ರೀಕುಲದ ಸರ್ವತೋಮುಖ ಅಭ್ಯುದಯಾರ್ಥವಾಗಿ, ದೀರ್ಘಕಾಲದ ಗಂಭೀರ ಚಿಂತನೆಯ ಫಲವಾಗಿ’ ಎಂದು ಶುರುವಾಗಿತ್ತು. (ಮೊದಲ ವಾಕ್ಯ ಮುಗಿಯುವುದು ಎರಡನೇ ಪುಟದಲ್ಲಿ.)

ಸಮಾರಂಭದ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಲೇ ಅದನ್ನು ಓದಿದಳು.

"ಏನ್ರೀ ಇದು, ದೀರ್ಘಕಾಲದ ಚಿಂತನೆ? ಒಂದು ಮಧ್ಯಾಹ್ನದಲ್ಲಿ ಹುಟ್ಟಿದ ಸಂಘ ಇದು. ಮೊದಲ ಪುಟ ಓದಿದ್ರಾ?"

"ಓದಿದೆ" ಎಂದೆ.

"ಓದಿದ್ರೆ ಹೀಗೆ ಬರೀತಿರ್ಲಿಲ್ಲ" ಎಂದು ಡಬ್ಬದ ತಳದಿಂದ ಒಂದು ನೋಟ್‌ಬುಕ್ಕು ತೆಗೆದು ಕೈಗಿತ್ತಳು.

‘ಮೊದಲ ಸೇವೆ: ಮೂಲೆಮನೆ. ಯಜಮಾನರು ಹೊಸ ಹೆಂಡತಿಯನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಕಚೇರಿಗೆ ಹೋಗಿದ್ದಾರೆ. ಊಟ ಕಿಟಕಿಯಿಂದ.’

ಮೂಲೆಮನೆ ನಮ್ಮದೇ. ಮದುವೆಯಾಗಿ ಮೂರನೇ ವಾರ. ಎಂಟು ವರ್ಷ ಒಂಟಿಯಾಗಿದ್ದವನು, ಬೀಗ ಜಡಿದು ಕೀಲಿ ಜೇಬಿಗಿಳಿಸಿ ಹೊರಡುವುದು ರೂಢಿ. ಒಳಗೊಬ್ಬಳು ಇದ್ದಾಳೆಂಬುದೇ ಮರೆತಿತ್ತು. ಸಂಜೆ ಬಂದು ಕ್ಷಮೆ ಕೇಳಿದ್ದೆ, ಆ ಪ್ರಕರಣ ಅಂದೇ ಮುಗಿಯಿತು ಎಂದುಕೊಂಡಿದ್ದೆ. ಅದರಿಂದ ಒಂದು ಸಂಘವೇ ಎದ್ದಿದೆಯೆಂದು ಯಾರಿಗೆ ಗೊತ್ತು?

"ಇದನ್ನ ಹೇಳ್ಬೇಡ ಕಣೇ. ಐವತ್ತು ಜನ ಹೆಂಗಸರು. ನಾಳೆಯಿಂದ ಬೀದೀಲಿ ತಲೆ ಎತ್ತಿ ಹೇಗೆ ಓಡಾಡ್ಲಿ?"

"ನೋಡೋಣ" ಎಂದಳು. (ಇಪ್ಪತ್ತು ವರ್ಷದಲ್ಲಿ ಅವಳ ‘ನೋಡೋಣ’ ನನಗೆ ಒಳ್ಳೆಯದು ಮಾಡಿದ್ದಿಲ್ಲ.) "ನಾನು ಮುಂಚೆ ಹೋಗಿ ಕುರ್ಚಿ ಹಾಕಿಸ್ತೀನಿ. ನಮ್ಮಮ್ಮ ಸ್ನಾನಕ್ಕೆ ಹೋಗಿದಾರೆ, ಬಂದ್ಮೇಲೆ ಕರ್ಕೊಂಡು ಬನ್ನಿ."

ಅವಳು ಹೇಳುತ್ತಾಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಲೇ ಅಂಗಿ ತೊಟ್ಟೆ, ಚಪ್ಪಲಿ ಮೆಟ್ಟಿದೆ, ಸಭಾಂಗಣ ಸೇರಿ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಬೇಕೆಂದಾಗ ಕಾಲು ಕೀಳಲು ಅನುಕೂಲವಿರಲಿ ಅಂತ.

ಅವಳು ನನ್ನ ಎಂಟು ಪುಟವನ್ನು ಮಡಚಿ ನೀರಿನ ಲೋಟದ ಕೆಳಗಿಟ್ಟು ಮೈಕಿನ ಮುಂದೆ ನಿಂತಳು.

"ಇಪ್ಪತ್ತು ವರ್ಷದ ಹಿಂದೆ ಈ ಬೀದಿಗೆ ಒಬ್ಬ ಹುಡುಗಿ ಬಂದ್ಲು. ಯಾರ ಪರಿಚಯಾನೂ ಇಲ್ಲ. ಒಂದಿನ ಗಂಡ ಮರೆತು ಬೀಗ ಹಾಕ್ಕೊಂಡು ಹೋದ್ರು. ಅವಳು ಕಿಟಕಿ ಹತ್ರ ಅಳ್ತಾ ಕೂತಿದ್ಲು. ನಮ್ಮ ಅಧ್ಯಕ್ಷರು ಆಗ ಆಸ್ಪತ್ರೇಲಿ ನರ್ಸು, ಪಾಳಿ ಮುಗಿಸಿ ಮನೆಗೆ ಹೋಗ್ತಿದ್ರು. ಅಳು ಕೇಳಿ ನಿಂತ್ರು. ಟೈಲರಕ್ಕ ಬಂದ್ರು, ಟೀಚರ್ ಬಂದ್ರು. ಬೀಗ ಒಡೆಯೋಣ ಅಂದ್ರು. ಹೊಸ ಬೀಗ, ಅವರಿಗೆ ಬೇಜಾರಾಗುತ್ತೆ, ಬೇಡ ಅಂದ್ಲು ಹುಡುಗಿ. ತಟ್ಟೆ ಕಂಬಿ ದಾಟ್ಲಿಲ್ಲ, ತುತ್ತು ಮಾಡಿ ಕೊಟ್ರು. ಸಂಜೆವರೆಗೂ ಬಿಸಿಲಲ್ಲಿ ನಿಂತು ಮಾತಾಡಿದ್ರು. ಇದೇ ನಮ್ಮ ಇತಿಹಾಸ. ಒಳಗೆ ಅಳೋರಿದ್ರೆ ಕಿಟಕಿ ಹೊರಗೆ ಒಬ್ಬರು ನಿಂತಿರಬೇಕು. ಇದೇ ಉದ್ದೇಶ."

ಹೊಸ ಬೀಗವೆಂದು ಬೇಡ ಎಂದಿದ್ದಳು ಎಂಬುದು ನನಗೆ ಈವರೆಗೂ ಗೊತ್ತಿರಲಿಲ್ಲ. ಆ ಹುಡುಗಿ ಯಾರು, ಆ ಗಂಡ ಯಾರು ಎಂದು ಮಾತ್ರ ಅವಳು ಬಾಯಿ ಬಿಡಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. "ಎಂಥಾ ಗಂಡಸಪ್ಪ" ಎಂದು ಪಕ್ಕದವರ ಹತ್ತಿರ ಲೊಚಗುಟ್ಟಿಯೂ ಬಿಟ್ಟೆ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮೈಕಿನ ಮುಂದೆಯೇ ಎತ್ತಿದಳು. ಅತ್ತೆಯ ಕಂಠಕ್ಕೆ ಮೈಕಿನ ಹಂಗಿಲ್ಲ, ಮೈಕೂ ಸಿಕ್ಕಿಬಿಟ್ಟಿತು.

"ಲೇ, ಸ್ನಾನ ಮುಗಿಸ್ಕೊಂಡು ಬಂದು ನೋಡ್ತೀನಿ, ಅಳಿಯಂದ್ರು ಬೀಗ ಹಾಕ್ಕೊಂಡು ಹೋಗ್ಬಿಟ್ಟಿದಾರೆ ಕಣೇ. ಮತ್ತೆ."

ಆ ‘ಮತ್ತೆ’ ಒಂದು ಸಾಕಾಯಿತು. ಐವತ್ತು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಕೈ ತಾನಾಗಿ ಜೇಬಿಗೆ ಹೋಯಿತು. ಕೀಲಿ ಅಲ್ಲೇ ಇತ್ತು.

ಮೊದಲು ನಕ್ಕವಳು ನನ್ನವಳೇ. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಸತ್ಯ ಹೇಳುತ್ತೇನೆ, ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಮೂವರು ಕೀಲಿ ಕಸಿದುಕೊಂಡು ನಮ್ಮ ಮನೆಗೆ ಓಡಿದರು. ನರ್ಸಮ್ಮ ನಡವಳಿ ಪುಸ್ತಕ ತೆರೆದು ನನ್ನ ಮುಂದಿಟ್ಟರು.

"ನಿಮ್ಮ ಕೈಬರಹ ಚೆನ್ನಾಗಿದೆಯಂತಲ್ಲ, ನೀವೇ ಬರೀರಿ."

ಬರೆದೆ, ದುಂಡಗೆ, ಒಂದೇ ಸಾಲಿನಲ್ಲಿ.

‘ಇಪ್ಪತ್ತೊಂದನೇ ವರ್ಷದ ಮೊದಲ ಸೇವೆ: ಅದೇ ಮನೆ, ಅದೇ ಬೀಗ, ಅದೇ ಯಜಮಾನರು.’